ಹಿತ್ತಲಿನ ನೆರೆಯವರು



ವನ್ಯಜೀವಿಗಳನ್ನು ನೋಡಬೇಕಾದರೆ ಬಂಡೀಪುರಕ್ಕೋ ನಾಗರಹೊಳೆಗೋ ಹೋಗಬೇಕೆಂದು ನೀವು ತಿಳಿದಿರಬಹುದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಅವು ಬಹಳ ದೂರ. ನಿಮ್ಮದು ಎರೆಮಣ್ಣಿನ ಬಯಲು ಸೀಮೆ. ತೊಗರಿ, ಜೋಳಗಳ ಹೊಲ, ಭೀಮಾ ಮತ್ತು ಅಮರ್ಜಾ ನದಿಗಳ ದಂಡೆ. ಇಲ್ಲಿ ಕಾಡು ಕಡಿಮೆ ನಿಜ. ಆದರೆ ನಿಮ್ಮ ಮನೆಯ ಹಿತ್ತಲಲ್ಲಿ ನೀವು ಒಬ್ಬರೇ ವಾಸವಾಗಿಲ್ಲ.

ನಾಳೆ ಬೆಳಿಗ್ಗೆ ಬೇವಿನ ಗಿಡದ ಹತ್ತಿರ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿರಿ. ಅಳಿಲು ಕಂಡರೆ ಅದರ ಬೆನ್ನಿನ ಗೆರೆಗಳನ್ನು ಎಣಿಸಿರಿ: ಮೂರೋ, ಐದೋ? ನಮ್ಮ ದೇಶದಲ್ಲಿ ಎರಡು ಬಗೆಯವೂ ಇವೆ. ಗುಬ್ಬಿಗಳಲ್ಲಿ ಕೊರಳ ಕೆಳಗೆ ಕಪ್ಪು ಬಣ್ಣವಿರುವುದು ಗಂಡು. ಕಾಳು ತಿನ್ನುವ ಈ ಗುಬ್ಬಿಯೇ ಮರಿಗಳಿಗೆ ಹುಳುಗಳನ್ನು ಹಿಡಿದು ತಂದು ಉಣಿಸುತ್ತದೆ. ಹಳೆಯ ಮಾಳಿಗೆ ಮನೆಯ ತೊಲೆಗಳ ಸಂದಿಯಲ್ಲಿ ಅದಕ್ಕೆ ಗೂಡಿಗೆ ಸ್ಥಳವಿತ್ತು. ಸಿಮೆಂಟಿನ ನುಣುಪು ಗೋಡೆಯಲ್ಲಿ ಇಲ್ಲ. ಗಿಡದ ಪೊಟರೆಯಿಂದ ಇಣುಕುವ ಸಣ್ಣ ಚುಕ್ಕೆಗೂಬೆಯನ್ನು ಅಪಶಕುನವೆಂದು ಕಲ್ಲು ಹೊಡೆದು ಓಡಿಸುವವರಿದ್ದಾರೆ. ಅದು ತಿನ್ನುವುದು ಕೀಟಗಳನ್ನು, ಇಲಿಮರಿಗಳನ್ನು.

ಹೀಗೆ ನೋಡುವ ಅಭ್ಯಾಸ ಎಲ್ಲಿಯವರೆಗೆ ಒಯ್ಯಬಲ್ಲದು? ಮುಂಬಯಿಯ ಒಬ್ಬ ಹುಡುಗ ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಕೊರಳಲ್ಲಿ ಹಳದಿ ಕಲೆಯಿತ್ತು. ಇದು ಯಾವ ಹಕ್ಕಿ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಆ ಹುಡುಗನೇ ಮುಂದೆ ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿಯವರಾದರು. 1931ರಲ್ಲಿ ಅವರು ಹೈದರಾಬಾದ್ ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಆರಂಭಿಸಿದರು. ಕಲಬುರಗಿ ಜಿಲ್ಲೆ ಆಗ ಆ ಸಂಸ್ಥಾನಕ್ಕೆ ಸೇರಿತ್ತು.

ಹಕ್ಕಿ, ಅಳಿಲುಗಳನ್ನು ಪ್ರೀತಿಸುವುದು ಸುಲಭ. ಕಷ್ಟವಿರುವುದು ಹಾವಿನ ವಿಷಯದಲ್ಲಿ. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುತ್ತೇವೆ. ಹಾಲು ಹಾವಿನ ಆಹಾರವೇ ಅಲ್ಲ. ಮರುದಿನ ಅಂಗಳದಲ್ಲಿ ಹಾವು ಸುಳಿದರೆ ಬಡಿಗೆ ಎತ್ತುತ್ತೇವೆ. ಈ ವಿಪರ್ಯಾಸವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿ ತೋರಿಸಿದ್ದಾರೆ. ಬಡಿಗೆಗೆ ಬಲಿಯಾಗುವುದು ಅನೇಕ ಸಲ ವಿಷವಿಲ್ಲದ ಕೇರೆ ಹಾವು. ಮನೆಯಲ್ಲಿ ಕಾಳಿದೆ, ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಕೇರೆಯನ್ನು ಕೊಂದರೆ ಇಲಿಗಳು ಉಳಿಯುತ್ತವೆ; ಅವನ್ನು ಅರಸಿ ನಾಗರವೂ ಬರಬಹುದು.

ಹಾಗೆಂದು ಭಯಕ್ಕೆ ಕಾರಣವೇ ಇಲ್ಲವೆಂದಲ್ಲ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅವರಲ್ಲಿ ಅರ್ಧದಷ್ಟು ಜನ ಸತ್ತದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಇಂಥ ಸಾವುಗಳಿಗೆ ಹೆಚ್ಚಾಗಿ ಕಾರಣವಾಗುವ ಹಾವುಗಳು ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಕಟ್ಟುಹಾವು ರಾತ್ರಿ ಸಂಚರಿಸುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚಿದಾಗ ನೋವು, ಬಾವು ಕಾಣಿಸದೆಯೂ ಇರಬಹುದು.

ಆದ್ದರಿಂದ ಬಡಿಗೆಗಿಂತ ಮೊದಲು ನಿಮ್ಮ ಹಿತ್ತಲನ್ನು ನೋಡಿರಿ. ಒಲೆಗೆಂದು ಕೂಡಿಟ್ಟ ತೊಗರಿಕಟ್ಟಿಗೆಯ ಬಣವೆ ಗೋಡೆಗೆ ಒತ್ತಿಕೊಂಡಿದೆಯೇ? ಅದು ಇಲಿಗೂ ಹಾವಿಗೂ ಒಳ್ಳೆಯ ಆಸರೆ. ಮನೆಯಿಂದ ದೂರ ಒಟ್ಟಿರಿ. ಕಟ್ಟಿಗೆ ತೆಗೆಯುವಾಗ ಕೋಲಿನಿಂದ ಅಲುಗಿಸಿ, ಆಮೇಲೆ ಕೈ ಹಾಕಿರಿ. ಗೋಡೆಯ ಬಿಲಗಳನ್ನು ಮುಚ್ಚಿರಿ. ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಿ ಮಲಗಿರಿ. ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಹಿಡಿಯಿರಿ.

ಹಾವು ಕಂಡರೆ ದೂರ ನಿಲ್ಲಿರಿ. ಗುರುತು ಸಿಗದಿದ್ದರೆ ವಿಷದ್ದೆಂದೇ ಭಾವಿಸಿರಿ. ಹತ್ತಿರ ಹೋಗುವುದು, ಹಿಡಿಯುವುದು ನಿಮ್ಮ ಕೆಲಸವಲ್ಲ; ಅರಣ್ಯ ಇಲಾಖೆಗೆ ಹಿರಿಯರಿಂದ ತಿಳಿಸಿರಿ. ಯಾರಿಗಾದರೂ ಕಚ್ಚಿದರೆ ಗಾಯ ಕೊಯ್ಯಬೇಡಿರಿ, ಬಿಗಿಯಾಗಿ ಕಟ್ಟಬೇಡಿರಿ, ಮಂತ್ರಕ್ಕಾಗಿ ಹೊತ್ತು ಕಳೆಯಬೇಡಿರಿ. ಕಚ್ಚಿದ ಅಂಗ ಅಲುಗದಂತೆ ಇರಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ವಿಷಕ್ಕೆ ಮದ್ದು ಅಲ್ಲಿ ಕೊಡುವ ಪ್ರತಿವಿಷ ಒಂದೇ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಗೊತ್ತುಪಡಿಸಿತು.

ಅತ್ತ ಹಾವಿಗೂ ರಕ್ಷಣೆಯಿದೆ. ಕೇರೆ, ನಾಗರ, ಕೊಳಕುಮಂಡಲಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕಾಯ್ದೆ ಹಿತ್ತಲಿಗೆ ಬಂದು ಕಾವಲು ಕಾಯಲಾರದು. ಆ ಕೆಲಸ ಮನೆಯವರದು.

ಮಿತ್ರರೆ, ಒಂದು ನೋಟುಪುಸ್ತಕ ಇಟ್ಟುಕೊಳ್ಳಿರಿ. ತಾರೀಖು, ಹೊತ್ತು, ಕಂಡ ಜೀವಿ, ಅದು ಮಾಡುತ್ತಿದ್ದ ಕೆಲಸ – ದಿನಕ್ಕೆ ಒಂದೆರಡು ಸಾಲು ಸಾಕು. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿದಾಗ ನೆರಳಲ್ಲಿ ಅಗಲವಾದ ಮಣ್ಣಿನ ಪರಿಯಾಣದಲ್ಲಿ ನೀರಿಡಿರಿ. ಸೊಳ್ಳೆಯಾಗದಂತೆ ದಿನವೂ ಬದಲಿಸಿರಿ. ಯಾರು ಯಾರು ಬಂದು ಕುಡಿದರೆಂದು ಬರೆಯಿರಿ. ಒಂದು ವರ್ಷ ಕಳೆಯುವುದರೊಳಗೆ ಹಿತ್ತಲಲ್ಲಿ ಯಾರಿದ್ದಾರೆ, ಯಾರಿಗೆ ದಾರಿ ಬಿಡಬೇಕು, ಯಾರಿಂದ ದೂರವಿರಬೇಕು ಎಂಬುದು ನಿಮಗೇ ತಿಳಿಯುತ್ತದೆ. ಆ ತಿಳಿವಳಿಕೆ ಅವುಗಳ ಜೀವವನ್ನೂ ಉಳಿಸುತ್ತದೆ, ನಿಮ್ಮ ಮನೆಯವರ ಜೀವವನ್ನೂ ಉಳಿಸುತ್ತದೆ.