ಮೂರು ನಿಮಿಷದ ಪ್ಲೇಟು, ಮೂವತ್ತು ಸೆಕೆಂಡಿನ ಲೆಕ್ಕ

1902ರ ನವೆಂಬರ್ ತಿಂಗಳು. ಲಂಡನ್ನಿನ ಗ್ರಾಮಫೋನ್ ಕಂಪನಿ ಕಳಿಸಿದ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತದಲ್ಲಿ ತಾತ್ಕಾಲಿಕ ಸ್ಟುಡಿಯೋ ಹೂಡಿಕೊಂಡು ಕೂತಿದ್ದಾನೆ. ಹಾಡಲು ಬಂದವರು ಗೌಹರ್ ಜಾನ್. ಆ ಊರಿನ ಮೆಹಫಿಲ್‌ಗಳಲ್ಲಿ ಮೆರೆಯುತ್ತಿದ್ದ ಗಾಯಕಿ. ಆಗಿನ್ನೂ ಮೈಕು ಇಲ್ಲ. ಎದುರಿಗೆ ದೊಡ್ಡದೊಂದು ತುತ್ತೂರಿ, ಅದರ ಬಾಯಿಯ ಹತ್ತಿರ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ದನಿಯ ಒತ್ತಡಕ್ಕೆ ಆಚೆ ತುದಿಯಲ್ಲಿ ಸೂಜಿ ಅಲುಗಿ, ತಿರುಗುವ ಮೇಣದ ಬಿಲ್ಲೆಯ ಮೇಲೆ ಗೀರು ಕೊರೆಯುತ್ತದೆ. ತಾರಸ್ಥಾಯಿಗೆ ಹೋದಾಗ ತಲೆ ಹಿಂದಕ್ಕೆಳೆದುಕೊಳ್ಳಬೇಕು, ಇಲ್ಲದಿದ್ದರೆ ಮುದ್ರಣ ಕೆಡುತ್ತದೆ. ತಂಬೂರಿಯಂಥ ಮೆಲುದನಿ ಆ ಯಂತ್ರದ ಕಿವಿಗೆ ಬೀಳುವುದೇ ಕಷ್ಟ. ಮೂರು ನಿಮಿಷ ತುಂಬುವಷ್ಟರಲ್ಲಿ ಎಲ್ಲ ಮುಗಿದಿರಬೇಕು. ಮುಗಿದ ಮೇಲೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿದರು. ಅದು ಜಂಬಕ್ಕೆ ಹೇಳಿದ್ದಲ್ಲ. ಮುದ್ರಣವೆಲ್ಲ ಹಡಗೇರಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕು, ಅಲ್ಲಿ ಪ್ಲೇಟು ಅಚ್ಚಾಗಬೇಕು. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು ಎಂದು ತಿಳಿಯಬೇಕಲ್ಲ!

ಇದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ ಮೈಸೂರಿಗೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ದೇಶವೆಲ್ಲ ಪ್ಲೇಟಿನ ಮೂಲಕ ಕೇಳಿದ ಮೊದಲ ದೊಡ್ಡ ದನಿ ಕೊನೆಗೆ ನಮ್ಮೂರಿನ ಮಣ್ಣು ಸೇರಿತು ಎಂಬುದು ಎಷ್ಟೋ ಮೈಸೂರಿನವರಿಗೇ ಗೊತ್ತಿಲ್ಲ.

ಉದ್ಯಮ ಸಂಗೀತವನ್ನು ಹಾಳುಮಾಡಿತು ಎಂದು ಬೈಯುವಾಗ ನಮ್ಮ ಮನಸ್ಸಿನಲ್ಲಿರುವುದು ಕಂಪನಿಯವರ ದುರಾಸೆ, ಅವರ ಅಗ್ಗದ ಅಭಿರುಚಿ. ದುರಾಸೆ ಇದ್ದದ್ದು ನಿಜ. ಆದರೆ ನಾನು ನೋಡಿದಂತೆ ಹಾಡಿನ ಗುಣವನ್ನು ಹೆಚ್ಚು ತಿದ್ದಿದ್ದು ಅಥವಾ ಕೆಡಿಸಿದ್ದು ಎರಡು ಒಣ ಸಂಗತಿಗಳು. ಮಾರುವ ಸರಕಿನ ಅಳತೆ ಎಷ್ಟು? ದುಡ್ಡು ಎಣಿಸುವುದು ಯಾವ ಲೆಕ್ಕದಲ್ಲಿ?

ಮೂರು ನಿಮಿಷದ ಅಳತೆಯನ್ನೇ ತೆಗೆದುಕೊಳ್ಳಿ. ಬೈಠಕ್ಕಿನಲ್ಲಿ ಗಂಟೆಗಟ್ಟಲೆ ಬೆಳೆಯುವ ಖ್ಯಾಲು ಹತ್ತಿಂಚಿನ ಅರಗಿನ ಪ್ಲೇಟಿನಲ್ಲಿ ಹಿಡಿಯುವುದಿಲ್ಲ. ವಿಲಂಬಿತವನ್ನು ಬಿಟ್ಟು ನೇರವಾಗಿ ಮಧ್ಯಲಯಕ್ಕೋ ದ್ರುತಕ್ಕೋ ಇಳಿಯಬೇಕಾಯಿತು. ನಮ್ಮ ಕಡೆಯ ವಿದ್ವಾಂಸರು ಆಲಾಪನೆಯನ್ನು ಒಂದೆರಡು ಉಸಿರಿಗೆ ಇಳಿಸಿ ಪಲ್ಲವಿ ಎತ್ತಿಕೊಂಡರು. ಇದು ನಷ್ಟವೇ. ಆದರೆ ನಷ್ಟ ಎಂದು ಬರೆದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಅಬ್ದುಲ್ ಕರೀಂ ಖಾನರಂಥವರು ಆ ಮೂರು ನಿಮಿಷದಲ್ಲೇ ಒಂದು ರಾಗವನ್ನು ಪೂರ್ತಿ ನಿಲ್ಲಿಸಿ ತೋರಿಸಿದರು. ಗದಗದ ಕಡೆಯ ಹುಡುಗ ಭೀಮಸೇನ ಜೋಶಿ ಕರೀಂ ಖಾನರ ಝಿಂಝೋಟಿ ಠುಮ್ರಿಯನ್ನು ಪ್ಲೇಟಿನಲ್ಲಿ ಕೇಳಿ ಹುಚ್ಚು ಹಿಡಿಸಿಕೊಂಡದ್ದು, 1933ರಲ್ಲಿ, ಹನ್ನೊಂದರ ವಯಸ್ಸಿಗೇ, ಗುರುವನ್ನು ಹುಡುಕುತ್ತ ಮನೆ ಬಿಟ್ಟದ್ದು ನಿಮಗೆಲ್ಲ ಗೊತ್ತಿರುವ ಕಥೆ. ಆ ಪ್ಲೇಟು ಮಾರಿದ ಕಂಪನಿಗೆ ಗಾಯಕರನ್ನು ತಯಾರು ಮಾಡುವ ಯೋಚನೆಯೇನೂ ಇರಲಿಲ್ಲ. ಮೂರು ನಿಮಿಷ ಕೇಳಿಸಿಕೊಂಡ ಹುಡುಗನಿಗೆ ಉಳಿದದ್ದು ಬೇಕೆನಿಸಿತು. ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮುಂದೆ ಕೂತು, ವರ್ಷಗಟ್ಟಲೆ ಕಲಿತು ಆತ ಅದನ್ನು ಪಡೆದುಕೊಂಡ.

ಹಾಗೆಯೇ ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು. ಅವುಗಳ ಮೇಲೆ ಅಚ್ಚಾಗಿರುವ ಹೆಸರು ಗಾಂಧಾರಿ. ಅವನ್ನು ಹಾಕಿ ಕೇಳಿದರೆ ತೆಳುವಾದ, ಎತ್ತರದ ಶ್ರುತಿಯ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ನಂತರ ಬಂದ, ನಾವು ಬಲ್ಲ ಆ ಗಡಸು ದನಿ ಅಲ್ಲಿಲ್ಲ. ಕಂಪನಿ ವ್ಯಾಪಾರಕ್ಕೆಂದು ಮಾಡಿದ್ದು ಚರಿತ್ರೆಗೆ ದಾಖಲೆಯಾಯಿತು.

1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ಎಂಬ ಉದ್ದ ಓಡುವ ಪ್ಲೇಟು ಬಂತು, ಬದಿಗೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು, ಮುಂದೆ ನಮ್ಮಲ್ಲೂ ರಾಗಗಳು ಕಾಲು ಚಾಚಿ ಕೂತವು. ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ವ್ಯಾಪಾರವಿಲ್ಲದ ಕಡೆ ಎಲ್ಲ ಸರಿ ಇತ್ತೆ? ಆಕಾಶವಾಣಿಯ ಮೈಕಿನ ಮುಂದೆ ಕೂತು ಇದನ್ನು ಕೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. 1940ರಲ್ಲಿ ರೇಡಿಯೋ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ಅದಕ್ಕೆ ಮತ್ತೆ ಬಾಗಿಲು ತೆರೆದದ್ದು 1971ರಲ್ಲಿ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಎಂದರೆ ಆಗದು. ಆಕಾಶವಾಣಿಯಿಂದ ಅದು ಹೆಚ್ಚುಕಡಿಮೆ ಮಾಯವಾಯಿತು. ಜನ ಸುಮ್ಮನೆ ರೇಡಿಯೋದ ಮುಳ್ಳನ್ನು ರೇಡಿಯೋ ಸಿಲೋನಿಗೆ ತಿರುಗಿಸಿ ಅಲ್ಲಿ ಸಿನಿಮಾ ಹಾಡು ಹಾಕುತ್ತಿದ್ದ ಅಮೀನ್ ಸಯಾನಿಯವರನ್ನು ಕೇಳತೊಡಗಿದರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಹುಟ್ಟಿದ್ದು ಆ ಕೇಳುಗರನ್ನು ವಾಪಸು ಕರೆತರಲು. ಆದರೆ ಇದೇ ಸಂಸ್ಥೆಯ ಆಡಿಷನ್ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಹಾಡುವವರು ಯಾರು, ಯಾವ ಮನೆತನ, ನೋಡಲು ಹೇಗಿದ್ದಾರೆ ಎಂಬುದು ತೀರ್ಪು ಕೊಡುವವರಿಗೆ ತಿಳಿಯದು. ಕಿವಿಗೆ ಬಿದ್ದ ದನಿಯೊಂದೇ ಆಧಾರ. ಬಿ, ಬಿ-ಹೈ, ಎ, ಟಾಪ್ ಎಂದು ದರ್ಜೆ. ತಕರಾರುಗಳು ಇದ್ದೇ ಇದ್ದವು, ಆದರೂ ಸಣ್ಣ ಊರಿನ ಎಷ್ಟೋ ಕಲಾವಿದರಿಗೆ ಊರಾಚೆ ಹೆಸರು ತಂದುಕೊಟ್ಟದ್ದು ಆ ದರ್ಜೆಯೇ.

ಆಮೇಲೆ ಕ್ಯಾಸೆಟ್ ಬಂತು. ಕನ್ನಡಿಗರ ಮಟ್ಟಿಗೆ ಇದೇ ದೊಡ್ಡ ತಿರುವು. ಪ್ಲೇಟು ಅಚ್ಚು ಹಾಕಲು ಕಾರ್ಖಾನೆ ಬೇಕು, ಕ್ಯಾಸೆಟ್ಟಿಗೆ ಒಂದು ಸಣ್ಣ ಸ್ಟುಡಿಯೋ, ಪ್ರತಿ ತೆಗೆಯುವ ಯಂತ್ರ ಇದ್ದರೆ ಸಾಕು. ಕಲ್ಕತ್ತದ ಒಂದೇ ಕಂಪನಿಯ ಮರ್ಜಿ ಕಾಯುವುದು ತಪ್ಪಿತು. 1978ರಲ್ಲಿ ಬಂದ ನಿಸಾರ್ ಅಹಮದರ ‘ನಿತ್ಯೋತ್ಸವ’ವನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎನ್ನುತ್ತಾರೆ. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದರು. ಸಿ. ಅಶ್ವತ್ಥರು ಶಿಶುನಾಳ ಶರೀಫರ ತತ್ವಪದಗಳನ್ನು ಲಾರಿ ಡ್ರೈವರುಗಳ ತನಕ ಮುಟ್ಟಿಸಿದರು. ಕರಾವಳಿಯಲ್ಲಿ ತಾಳಮದ್ದಲೆ, ಬಯಲುಸೀಮೆಯಲ್ಲಿ ಮಾಸ್ಟರ್ ಹಿರಣ್ಣಯ್ಯನವರ ನಾಟಕ, ಜಾತ್ರೆಯ ಅಂಗಡಿಗಳಲ್ಲಿ ಜನಪದ ಗೀತೆ. ದೊಡ್ಡ ಕಂಪನಿಯ ಅಧಿಕಾರಿ ಯಾರೂ ಇವನ್ನು ಹುಡುಕಿಕೊಂಡು ಬರುತ್ತಿರಲಿಲ್ಲ.

ಕ್ಯಾಸೆಟ್ ಅಂಗಡಿಯವರ ಕೆಲಸವನ್ನು ಇಲ್ಲಿ ನೆನೆಯಬೇಕು. ಗಿರಾಕಿ ನೋಟ್‌ಬುಕ್ಕಿನ ಹಾಳೆಯಲ್ಲಿ ಹಾಡುಗಳ ಪಟ್ಟಿ ಬರೆದುಕೊಂಡು ಬಂದು, ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡಿ ಎನ್ನುತ್ತಿದ್ದ. ಕಾನೂನಿನ ಕಣ್ಣಲ್ಲಿ ಅದು ತಪ್ಪು. ಪಟ್ಟಿಯಲ್ಲಿ ಹದಿಮೂರು ಹಾಡು, ಕೊನೆಯಲ್ಲಿ ನಾಲ್ಕು ನಿಮಿಷ ಜಾಗ ಉಳಿದರೆ ಅಂಗಡಿಯವನು ತನಗೆ ಇಷ್ಟವಾದ ಒಂದು ಹಾಡನ್ನು ಸೇರಿಸಿ ಕಳಿಸುತ್ತಿದ್ದ. ಕೇಳದೆ ಬಂದ ಆ ಹದಿನಾಲ್ಕನೆಯ ಹಾಡಿನಿಂದಲೇ ಎಷ್ಟೋ ಜನ ಹೊಸ ಗಾಯಕರನ್ನು ಕಂಡುಕೊಂಡರು. ಗಿರಾಕಿಯ ರುಚಿ ಅವನಿಗೆ ಗೊತ್ತು, ಆದರೂ ಅದರಿಂದ ಅರ್ಧ ಹೆಜ್ಜೆ ಆಚೆಯದನ್ನು ಕೊಡುತ್ತಿದ್ದ.

ಕ್ಯಾಸೆಟ್ಟಿನ ಅಳತೆಯೂ ತನ್ನ ಸುಂಕ ವಸೂಲು ಮಾಡಿತು. ಎರಡು ಬದಿ ತುಂಬಲು ಎಂಟು ಹಾಡಾದರೂ ಬೇಕು. ಕವಿಯ ಹತ್ತಿರ, ರಾಗ ಹಾಕುವವರ ಹತ್ತಿರ ಇದ್ದದ್ದು ಮೂರೇ ಒಳ್ಳೆಯ ಹಾಡಾದರೆ ಉಳಿದ ಐದನ್ನು ಹೊಸೆಯಬೇಕು. ಹಳೆಯ ಸಿನಿಮಾ ಧಾಟಿಗೆ ದೇವರ ಹೆಸರು ಸೇರಿಸಿದ ಭಕ್ತಿಗೀತೆ, ನಾಲ್ಕು ವಾದ್ಯದವರ ಬದಲು ಒಂದು ಕೀಬೋರ್ಡು, ಇವೆಲ್ಲ ಆ ಅವಸರದ ಮಕ್ಕಳು. ಮೇಲಾಗಿ ಕವಿಗೆ, ಸಂಯೋಜಕರಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಒಂದು ಸಲದ ಸಂಭಾವನೆ. ಹಾಡು ಎಷ್ಟು ವರ್ಷ ಬಾಳಿದರೂ ಅವರಿಗೆ ಮತ್ತೇನೂ ಬರುತ್ತಿರಲಿಲ್ಲ. ರಾಯಧನದ ಹಕ್ಕನ್ನು ಕಂಪನಿಗಳು ಬರೆಸಿಕೊಳ್ಳಲಾಗದಂತೆ ಹಕ್ಕುಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಬಂದದ್ದು 2012ರಲ್ಲಿ.

ಅಳತೆ, ಲೆಕ್ಕ ಏನೇ ಇರಲಿ, ಒಳ್ಳೆಯದಾಗಿದ್ದರೆ ಜನ ಹೇಗೂ ಹುಡುಕಿಕೊಳ್ಳುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಅಮೆರಿಕದ ಸಂಶೋಧಕರಾದ ಸ್ಯಾಲ್ಗನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಇದನ್ನು ಪರೀಕ್ಷೆಗೆ ಒಡ್ಡಿ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಸರೇ ಕೇಳದ ತಂಡಗಳ 48 ಹಾಡು, 14,000ಕ್ಕೂ ಹೆಚ್ಚು ಕೇಳುಗರು. ಕೇಳಿ, ಇಷ್ಟವಾದರೆ ಪುಕ್ಕಟೆ ಇಳಿಸಿಕೊಳ್ಳಬಹುದು. ಒಂದು ಗುಂಪಿಗೆ ಹಾಡುಗಳನ್ನಷ್ಟೇ ತೋರಿಸಿದರು. ಉಳಿದವರನ್ನು ಎಂಟು ಬೇರೆಬೇರೆ ಗುಂಪು ಮಾಡಿ, ಆಯಾ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬ ಸಂಖ್ಯೆಯನ್ನೂ ತೋರಿಸಿದರು. ಸಂಖ್ಯೆ ಕಾಣಿಸಿದ್ದೇ ತಡ, ಗೆದ್ದ ಹಾಡು ಇನ್ನೂ ಗೆದ್ದಿತು, ಸೋತದ್ದು ಇನ್ನೂ ಸೋತಿತು. ವಿಚಿತ್ರವೆಂದರೆ ಎಂಟು ಗುಂಪಿನಲ್ಲೂ ಗೆದ್ದದ್ದು ಒಂದೇ ಹಾಡಲ್ಲ. ಸಂಖ್ಯೆ ಕಾಣದವರ ಪಟ್ಟಿಯಲ್ಲಿ 26ನೆಯದಾಗಿದ್ದ ಒಂದು ಹಾಡು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದು. ತೀರ ಒಳ್ಳೆಯವು ಪೂರ್ತಿ ಮುಳುಗುವುದು ಅಪರೂಪ, ತೀರ ಕಳಪೆಯವು ಮೇಲೇಳುವುದೂ ಅಪರೂಪ. ನಡುವಿನ ದೊಡ್ಡ ರಾಶಿಯಲ್ಲಿ ಮಾತ್ರ ಯಾವುದು ಏನಾಗುತ್ತದೆಂದು ಹೇಳುವಂತಿರಲಿಲ್ಲ. ಮೊದಲು ಬಂದ ನಾಲ್ಕು ಜನ ಯಾವುದನ್ನು ಒತ್ತಿದರು ಎಂಬುದೇ ಹಣೆಬರಹ.

ಇವತ್ತು ಫೋನಿನಲ್ಲಿ ಹಾಡು ತೆರೆದರೆ ಕಣ್ಣಿಗೆ ರಾಚುವುದು ಅದೇ ಸಂಖ್ಯೆ. 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈನಲ್ಲಿ ಒಂದು ಹಾಡು ಮೂವತ್ತು ಸೆಕೆಂಡು ಓಡಿದರೆ ಒಂದು ಕೇಳಿಕೆ ಎಂದು ಲೆಕ್ಕ. ಆರು ನಿಮಿಷದ ಹಾಡಿಗೂ ಎರಡು ನಿಮಿಷದ ಹಾಡಿಗೂ ಲೆಕ್ಕ ಒಂದೇ. ಹಾಗಿರುವಾಗ ಉದ್ದದ ಹಾಡನ್ನು ಯಾರು ಕಟ್ಟುತ್ತಾರೆ? ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ಸಂಶೋಧಕ ಅಮೆರಿಕದ ಜನಪ್ರಿಯ ಹಾಡುಗಳನ್ನು ಅಳೆದು ನೋಡಿದ. 1980ರ ದಶಕದ ನಡುವೆ ದನಿ ಏಳುವ ಮೊದಲು ಸರಾಸರಿ ಇಪ್ಪತ್ತು ಸೆಕೆಂಡಿನ ವಾದ್ಯಸಂಗೀತ ಇರುತ್ತಿತ್ತು, 2015ರ ಹೊತ್ತಿಗೆ ಅದು ಐದಕ್ಕೆ ಇಳಿದಿತ್ತು. ರಾಜನ್-ನಾಗೇಂದ್ರರ ಹಾಡುಗಳ ಆರಂಭದ ವಾದ್ಯಮೇಳವನ್ನು ಬಾಯಿಪಾಠ ಮಾಡಿಕೊಂಡು ಬೆಳೆದ ನನ್ನಂಥವರಿಗೆ ಇದು ನೋವಿನ ಸುದ್ದಿ. ಕೇಳುಗ ಬೆರಳಾಡಿಸಿ ಮುಂದೆ ಹೋಗುವ ಮೊದಲೇ ಪಲ್ಲವಿ ಬಂದುಬಿಡಬೇಕು ಎಂಬ ಆತುರ ಈಗ ನಮ್ಮ ಹಾಡುಗಳಲ್ಲೂ ಕೇಳಿಸುತ್ತದೆ.

ದುಡ್ಡು ಹಂಚುವ ರೀತಿ ಇನ್ನೊಂದು. ನೀವು ತಿಂಗಳಿಡೀ ಮಲ್ಲಿಕಾರ್ಜುನ ಮನ್ಸೂರರನ್ನಷ್ಟೇ ಕೇಳಿದರೂ ನಿಮ್ಮ ಚಂದಾ ಅವರ ಖಾತೆಗೇ ಹೋಗುವುದಿಲ್ಲ. ಹೆಚ್ಚಿನ ಆ್ಯಪ್‌ಗಳಲ್ಲಿ ಎಲ್ಲರ ಹಣವೂ ಒಂದೇ ಹುಂಡಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚಿಕೆಯಾಗುತ್ತದೆ. 2024ರಲ್ಲಿ ಸ್ಪಾಟಿಫೈ ಇನ್ನೊಂದು ನಿಯಮ ಸೇರಿಸಿತು. ಹನ್ನೆರಡು ತಿಂಗಳಲ್ಲಿ ಕನಿಷ್ಠ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಕಾಸಿಲ್ಲ.

ಒಂದು ಡೊಳ್ಳಿನ ಪದದ ಮೇಳವನ್ನು ಊಹಿಸಿಕೊಳ್ಳಿ. ಜಾತ್ರೆಯಲ್ಲಿ ಎಂಟುನೂರು ಜನ ಇಡೀ ರಾತ್ರಿ ಕೂತು ಕೇಳಿದರೆ ಅದು ತುಂಬಿದ ಸಭೆ. ಮೇಳದವರಿಗೆ ಸಂಭಾವನೆ, ಊಟ, ಮುಂದಿನ ವರ್ಷದ ವೀಳ್ಯ ಎಲ್ಲ ಸಿಗುತ್ತದೆ. ಅದೇ ಎಂಟುನೂರು ಜನ ಅವರ ಪದವನ್ನು ಆ್ಯಪಿನಲ್ಲಿ ವರ್ಷಕ್ಕೊಮ್ಮೆ ಕೇಳಿದರೆ ಕೈಗೆ ಬರುವುದು ಸೊನ್ನೆ. ಆಕಾಶವಾಣಿಯ ಆಡಿಷನ್ನಿನಲ್ಲಿ ಅನುತ್ತೀರ್ಣರಾದವರು ಇನ್ನಷ್ಟು ಅಭ್ಯಾಸ ಮಾಡಿ ಮತ್ತೆ ಅರ್ಜಿ ಹಾಕಬಹುದು. ಈ ಮೇಳದವರು ಏನನ್ನು ಅಭ್ಯಾಸ ಮಾಡಬೇಕು? ಅವರಿಗೆ ಬೇಕಾಗಿರುವುದು ಇನ್ನೂ ಇನ್ನೂರು ಬೆರಳು.