ಡಯಾಲಿಸಿಸ್ ವೇಳೆಯ ಸ್ನಾಯುಸೆಳೆತ: ರೋಗಿಯೂ ಮನೆಯವರೂ ತಿಳಿಯತಕ್ಕ ಸಂಗತಿ
(ನಮ್ಮ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ವಾಚನಾಲಯದ ಸ್ವಯಂಸೇವಕರು. ಆದರೆ ಗ್ರಾಂಟ್ ರೋಡಿನಲ್ಲಿರುವ ನಮಗೆ ನಾಯರ್ ಆಸ್ಪತ್ರೆ ಹತ್ತಿರ, ಪರೇಲಿನ ಕೆ.ಇ.ಎಂ. ದೂರವಲ್ಲ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆ ಹೋಗುವವರು ನಮ್ಮವರಲ್ಲೂ ಇದ್ದಾರೆ. ಸೂಜಿಗಿಂತಲೂ ಅವರು ಹೆದರುವುದು ಕಾಲಿನ ಸೆಳೆತಕ್ಕೆ. ಆ ಹೆದರಿಕೆಯಿಂದ ಸರದಿ ತಪ್ಪಿಸುವವರೂ ಉಂಟು. ಆದ್ದರಿಂದ ಈ ಮಾತು.

ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು ೧೯೪೩ರಲ್ಲಿ, ಮಹಾಯುದ್ಧದ ನಡುವೆ, ರೋಗಿಯ ರಕ್ತವನ್ನು ಇಂಥ ಯಂತ್ರದಲ್ಲಿ ಹಾಯಿಸಿದರು. ಯಂತ್ರ ಇಂದು ಬಹಳ ಸುಧಾರಿಸಿದೆ, ಕೆಲಸ ಅದೇ. ರಕ್ತದ ಕಲ್ಮಷ ತೆಗೆಯುವುದು, ಮೈಯಲ್ಲಿ ನಿಂತ ನೀರನ್ನು ಎಳೆಯುವುದು.

ಸೆಳೆತದ ಬೇರು ಈ ನೀರಿನಲ್ಲಿದೆ. ಯಂತ್ರ ಎಳೆಯುವುದು ರಕ್ತದಲ್ಲಿರುವ ನೀರನ್ನು. ಉಳಿದ ಮೈಯ ನೀರು ನಿಧಾನವಾಗಿ ರಕ್ತಕ್ಕೆ ಒಸರಬೇಕು. ಒಸರುವುದಕ್ಕಿಂತ ಬೇಗ ಎಳೆದರೆ ಸ್ನಾಯುಗಳಿಗೆ ರಕ್ತ ಸಾಲದಾಗಿ ಮೀನಖಂಡ, ಪಾದ, ಒಮ್ಮೊಮ್ಮೆ ಕೈಯೂ ಸೆಟೆದುಕೊಳ್ಳುತ್ತದೆ. ಅದಕ್ಕೇ ಇದು ಹೆಚ್ಚಾಗಿ ಸರದಿಯ ಕೊನೆಯ ಭಾಗದಲ್ಲಿ ಬರುವುದು.

ಲೆಕ್ಕ ನೋಡಿ. ಮೈತೂಕದ ಕಿಲೋ ಒಂದಕ್ಕೆ ಗಂಟೆಗೆ ೧೩ ಮಿಲಿಲೀಟರಿಗಿಂತ ಹೆಚ್ಚು ನೀರು ಎಳೆಯದಿರುವುದು ಲೇಸೆಂದು ತಜ್ಞರ ಮತ. ೬೦ ಕಿಲೋ ತೂಕದವರಿಗೆ ೪ ಗಂಟೆಯಲ್ಲಿ ಅದು ಸುಮಾರು ೩ ಲೀಟರು. ಎರಡು ಸರದಿಗಳ ನಡುವೆ ೪ ಕಿಲೋ ಏರಿಸಿಕೊಂಡು ಹೋದರೆ ಯಂತ್ರವಾದರೂ ಏನು ಮಾಡೀತು? ಬಾಯಾರಿಕೆಯ ತಾಯಿ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಫರಸಾಣ, ವಡಾಪಾವು ಬಿಟ್ಟರೆ ನೀರಿನ ಆಸೆ ತಾನಾಗಿ ತಗ್ಗುತ್ತದೆ.

ಇನ್ನೊಂದು ಎಚ್ಚರಿಕೆ. ಸೆಳೆತಕ್ಕೆ ನಮ್ಮವರ ಮನೆಮದ್ದು ಎಳನೀರು, ಬಾಳೆಹಣ್ಣು, ಉಪ್ಪು ಹಾಕಿದ ನಿಂಬೆ ಪಾನಕ. ಬಿಸಿಲಲ್ಲಿ ಬೆವರಿ ದುಡಿದವನಿಗೆ ಅದು ಸರಿ. ಡಯಾಲಿಸಿಸ್ ರೋಗಿಗೆ ಅದೇ ವಿಷ. ಎಳನೀರು, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಂ ಹೇರಳ. ಅದು ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು. ಅಂಗಡಿಯ ಓ.ಆರ್.ಎಸ್. ಪುಡಿಯಲ್ಲೂ 'ಕಡಿಮೆ ಸೋಡಿಯಂ' ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ಪ್ರೀತಿಯಿಂದ ಎಳನೀರು ತಂದುಕೊಡುವ ನೆಂಟರಿಗೆ ಇದನ್ನು ದಯವಿಟ್ಟು ತಿಳಿಸಿ.

ಸೆಳೆತ ಬಂದಾಗ ಹಲ್ಲು ಕಚ್ಚಿ ಸುಮ್ಮನಿರಬೇಡಿ. ಮೊದಲ ಮಿಡಿತಕ್ಕೇ ದಾದಿಯನ್ನು ಕರೆಯಿರಿ. ಅವರು ನೀರೆಳೆಯುವುದನ್ನು ತಗ್ಗಿಸುತ್ತಾರೆ ಇಲ್ಲವೆ ನಿಲ್ಲಿಸುತ್ತಾರೆ. ಬೇಕಾದರೆ ಸಲೈನ್ ಕೊಡುತ್ತಾರೆ. ಜತೆಗಿದ್ದವರು ಮೊಣಕಾಲು ನೆಟ್ಟಗೆ ಮಾಡಿ, ಪಾದದ ಬೆರಳುಗಳನ್ನು ಮುಂಗಾಲಿನ ಕಡೆಗೆ ಮೆಲ್ಲಗೆ ಬಾಗಿಸಿ ಹಿಡಿದು, ಮೀನಖಂಡ ನೀವಬಹುದು. ಸೂಜಿಯಿರುವ ಕೈ ಅಲುಗದಿರಲಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ಶಾಖ ಕೊಡಬೇಡಿ, ಸುಟ್ಟರೂ ತಿಳಿಯದು. ತಲೆ ಸುತ್ತಿದರೆ, ಎದೆ ನೋವು ಬಂದರೆ ಕೂಡಲೇ ಹೇಳಿ.

ಸೆಳೆತ ಪದೇ ಪದೇ ಬರುತ್ತಿದ್ದರೆ 'ಡ್ರೈ ವೇಟ್' ಅಂದರೆ ನೀರಿಳಿದ ಮೇಲಿನ ತೂಕವನ್ನು ಮತ್ತೆ ಗೊತ್ತುಮಾಡಲು ವೈದ್ಯರನ್ನು ಕೇಳಿಕೊಳ್ಳಿ. ಹಸಿವು ಮರಳಿ ಮೈಯಲ್ಲಿ ಮಾಂಸ ತುಂಬಿದವರಿಗೆ ಹಳೆಯ ತೂಕವನ್ನೇ ಹಿಡಿದರೆ ಇಲ್ಲದ ನೀರನ್ನು ಎಳೆದಂತಾಗುತ್ತದೆ. ಸರದಿಯ ವೇಳೆ ಹೆಚ್ಚಿಸುವುದು, ಯಂತ್ರದ ದ್ರಾವಣವನ್ನು ತುಸು ತಂಪಾಗಿಡುವುದು ಕೂಡ ಉಂಟು. ಕ್ವಿನೈನ್ ಗುಳಿಗೆಯನ್ನು ಮಾತ್ರ ತಾವಾಗಿ ನುಂಗಬೇಡಿ. ಅದು ರಕ್ತಕ್ಕೆ ಗಂಡಾಂತರ ತರಬಹುದೆಂದು ೨೦೧೦ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿದೆ. ನೋವಿನ ಮಾತ್ರೆಯನ್ನೂ ಕೇಳಿಯೇ ತೆಗೆದುಕೊಳ್ಳಿ.

ಕೊನೆಯದಾಗಿ, ನೋವಿಗೆ ಹೆದರಿ ಯಂತ್ರವನ್ನು ಬೇಗ ಬಿಡಿಸಿಕೊಂಡರೆ ನೀರು ಒಳಗೇ ಉಳಿಯಿತು. ಮುಂದಿನ ಸರದಿಗೆ ಬಾಕಿ ಸೇರಿ ಸೆಳೆತ ಇಮ್ಮಡಿ. ಕೂಲಿ ಹೋಗುತ್ತದೆಂದು ಸರದಿ ತಪ್ಪಿಸುವುದೂ ಅಷ್ಟೆ. ಊರಿಗೆ ಹೋಗುವವರು ಮುಂಚೆಯೇ ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲಿ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸಲು ೨೦೧೬ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಆರಂಭವಾಗಿದೆ. ಒಬ್ಬರೇ ಇರುವ ರೋಗಿಗಳ ಜತೆ ಆ ನಾಲ್ಕು ಗಂಟೆ ಕೂರಲು ಬಿಡುವಿದ್ದವರು ವಾಚನಾಲಯದ ಪುಸ್ತಕದಲ್ಲಿ ಹೆಸರು ಬರೆಯಿಸಿರೆಂದು ಬೇಡಿ, ನಮ್ಮ ಮಾತು ಮುಗಿಸುತ್ತೇವೆ.