ಕರ್ಮವೀರ ಭಾವುರಾವ್ ಪಾಟೀಲರ ಗೃಹಸ್ಥ ಜೀವನ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಜಿನಬಿಂಬ ಪ್ರತಿಷ್ಠೆಯ ಈ ಶುಭದಿನಗಳಲ್ಲಿ ತ್ಯಾಗಿಗಳ, ಮುನಿಗಳ ಚರಿತ್ರೆಯನ್ನು ಕೇಳುವುದು ವಾಡಿಕೆ. ಶ್ರಾವಕನ ಚರಿತ್ರೆ ಕೇಳಿಬರುವುದು ಕಡಿಮೆ. ಹೆಂಡತಿ ಮಕ್ಕಳೊಡನೆ ಸಂಸಾರ ನಡೆಸುತ್ತಲೇ ಅಣುವ್ರತಗಳನ್ನು ಬಾಳಿನಲ್ಲಿ ತೋರಿದ ಒಬ್ಬ ಗೃಹಸ್ಥನನ್ನು ಸ್ಮರಿಸುವುದೂ ಈ ವೇದಿಕೆಗೆ ಸಲ್ಲುವ ಮಾತೇ ಆಗಿದೆ. ಅವರೇ ಕರ್ಮವೀರ ಭಾವುರಾವ್ ಪಾಟೀಲರು.

ಭಾವುರಾಯರು 1887ನೆಯ ಇಸವಿ ಸೆಪ್ಟೆಂಬರ್ 22ರಂದು ಕೊಲ್ಲಾಪುರ ಸೀಮೆಯ ಕುಂಭೋಜದಲ್ಲಿ ಜನಿಸಿದರು. ಬಾಹುಬಲಿ ಕ್ಷೇತ್ರದ ಯಾತ್ರೆ ಮಾಡಿದವರಿಗೆಲ್ಲ ಆ ಊರು ಪರಿಚಿತವೇ. ತಂದೆ ಪಾಯಗೊಂಡ ಪಾಟೀಲರು ಕಂದಾಯ ಇಲಾಖೆಯಲ್ಲಿ ಗುಮಾಸ್ತರು, ತಾಯಿ ಗಂಗಾಬಾಯಿ. ಇವರ ಪೂರ್ವಜರು ಮೂಡುಬಿದಿರೆಯ ಕಡೆಯಿಂದ ಹೋದವರೆಂದು ಚರಿತ್ರಕಾರರು ಬರೆದಿದ್ದಾರೆ. ಮರಾಠಿ ನಾಡಿನಲ್ಲಿ ಅವರನ್ನು ಎಲ್ಲರೂ ಕರೆದುದು 'ಅಣ್ಣಾ' ಎಂದು. ಕನ್ನಡಿಗರ ಕಿವಿಗೆ ಇದು ಮನೆಯ ಮಾತಿನಂತೆಯೇ ಕೇಳುತ್ತದೆ.

ವಿದ್ಯಾಭ್ಯಾಸಕ್ಕೆಂದು ಅವರು ಕೊಲ್ಲಾಪುರದ ಜೈನ ವಿದ್ಯಾರ್ಥಿನಿಲಯವನ್ನು ಸೇರಿದರು. ಅಸ್ಪೃಶ್ಯರೆನಿಸಿದವರ ಮಕ್ಕಳ ವಿದ್ಯಾರ್ಥಿನಿಲಯವೊಂದರ ಸಮಾರಂಭಕ್ಕೆ ಹೋಗಿಬಂದುದೇ ಅಲ್ಲಿ ಅಪರಾಧವಾಯಿತು. ಮೈಲಿಗೆಯ ಸ್ನಾನ ಮಾಡೆನೆಂದ ಬಾಲಕ ಹೊರಗೆ ನಡೆಯಬೇಕಾಯಿತು. ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಸ್ಥಾನವುಂಟೆಂದು ನಂಬುವ ಸಮಾಜದಲ್ಲಿ ಹೀಗಾಯಿತೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ನಿಲಯವನ್ನು ಆಗ ನೋಡಿಕೊಳ್ಳುತ್ತಿದ್ದವರು ಅಣ್ಣಾಸಾಹೇಬ ಲಠ್ಠೆಯವರು.

ಮುಂದೆ 1914ರಲ್ಲಿ ಕೊಲ್ಲಾಪುರದಲ್ಲಿ ರಾಜಪ್ರತಿಮೆಗೆ ಟಾರು ಬಳಿದ ಪ್ರಕರಣ ನಡೆಯಿತು. ಅದೇ ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷಿ ನುಡಿಯುವಂತೆ ಭಾವುರಾಯರ ಮೇಲೆ ಒತ್ತಡ ಬಂದಿತು. ಹಳೆಯ ಲೆಕ್ಕ ತೀರಿಸಿಕೊಳ್ಳಲು ಬೇರೆಯವರಾದರೆ ಇದನ್ನೇ ಸಮಯವೆಂದುಕೊಳ್ಳುತ್ತಿದ್ದರು. ಭಾವುರಾಯರು ನುಡಿಯಲಿಲ್ಲ, ಸೆರೆಮನೆಯ ಕಷ್ಟವನ್ನುಂಡರು. ಲಕ್ಷ್ಮೀಬಾಯಿಯವರ ಕೈಹಿಡಿದು ಆಗ ಕೆಲವೇ ವರ್ಷಗಳಾಗಿದ್ದುವು. ಸತ್ಯಾಣುವ್ರತದ ಬೆಲೆಯನ್ನು ಆ ಹೊಸ ಸಂಸಾರ ಮೊದಲಲ್ಲಿಯೇ ತೆರಬೇಕಾಯಿತು.

ಹೊಟ್ಟೆಯ ಪಾಡಿಗಾಗಿ ಅವರು ಸಾತಾರದಲ್ಲಿ ಮಕ್ಕಳಿಗೆ ಮನೆಪಾಠ ಹೇಳಿದರು, ಓಗಲೆಯವರ ಗಾಜಿನ ಸಾಮಾನು ಮಾರಿದರು, ಕಿರ್ಲೋಸ್ಕರರ ನೇಗಿಲಿನ ಪ್ರತಿನಿಧಿಯಾಗಿ ಹಳ್ಳಿಹಳ್ಳಿ ತಿರುಗಿದರು. ಊರೂರು ಸುತ್ತುವ ವ್ಯಾಪಾರಿಗೆ ಜನರ ಸ್ಥಿತಿಗತಿ ತಿಳಿದಷ್ಟು ಕಚೇರಿಯಲ್ಲಿ ಕುಳಿತವರಿಗೆ ತಿಳಿಯದು. ನೇಗಿಲು ಕೊಳ್ಳುವ ರೈತನಿಗೆ ರುಜು ಹಾಕಲು ಬಾರದೆಂಬುದನ್ನು ಅವರು ಕಣ್ಣಾರೆ ಕಂಡರು. 1919ರಲ್ಲಿ ಕರಾಡದ ಸಮೀಪದ ಕಾಲೆ ಗ್ರಾಮದಲ್ಲಿ 'ರಯತ ಶಿಕ್ಷಣ ಸಂಸ್ಥೆ'ಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುವ ವಿದ್ಯಾರ್ಥಿನಿಲಯ ಆರಂಭವಾಯಿತು. 1927ರಲ್ಲಿ ಅಲ್ಲಿಗೆ ಆಗಮಿಸಿದ ಮಹಾತ್ಮಾ ಗಾಂಧಿಯವರು ಅದಕ್ಕೆ ಛತ್ರಪತಿ ಶಾಹು ಮಹಾರಾಜರ ಹೆಸರಿಟ್ಟರು.

ಹೆಸರೇನೋ ದೊಡ್ಡದಾಯಿತು, ಉಗ್ರಾಣ ಮಾತ್ರ ಬರಿದಾಗಿಯೇ ಇರುತ್ತಿತ್ತು. ಇಲ್ಲಿ ಲಕ್ಷ್ಮೀಬಾಯಿಯವರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅವರು ಆಚಾರವಂತ ಜೈನ ಮನೆತನದಿಂದ ಬಂದವರು. ಮಡಿ, ವ್ರತ, ಉಪವಾಸಗಳಲ್ಲಿ ಬೆಳೆದವರು. ಅಂಥವರ ಅಡಿಗೆಯ ಮನೆಗೆ ಪತಿ ಯಾರ ಯಾರದೋ ಮಕ್ಕಳನ್ನು ಕರೆತಂದು ಇವರೂ ನಿನ್ನ ಮಕ್ಕಳೆಂದಾಗ, ಆ ತಾಯಿಯ ಮನಸ್ಸಿನಲ್ಲಿ ಎಷ್ಟು ಹೊಯ್ದಾಟವಾಗಿರಬೇಕು! ಆದರೂ ಆ ಮಕ್ಕಳ ಜ್ವರಕ್ಕೆ ಎಚ್ಚರವಿದ್ದವರು, ಅವರ ಎಣ್ಣೆನೀರು ನೋಡಿದವರು ಆಕೆಯೇ. ಮಕ್ಕಳು 'ವಹಿನಿ', ಎಂದರೆ ಅತ್ತಿಗೆ, ಎಂದು ಕರೆದರು. ತೌರಿನವರು ಕೊಟ್ಟ ಒಡವೆಗಳು ಒಂದೊಂದಾಗಿ ಅಕ್ಕಿ ಜೋಳಗಳಾದುವು. ಕೊನೆಗೊಮ್ಮೆ ವಿದ್ಯಾರ್ಥಿನಿಲಯದಲ್ಲಿ ಕಾಳಿಲ್ಲದಾದಾಗ ಕೊರಳ ಮಾಂಗಲ್ಯವನ್ನೇ ಕೊಟ್ಟು ಮಕ್ಕಳ ಊಟ ನಡೆಸಿದರು. ಚಿನ್ನದ ವ್ಯಾಪಾರ ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದೀರಿ. ಅಡವಿಡಲು ಬರುವ ಒಡವೆಗಳಲ್ಲಿ ಮಾಂಗಲ್ಯ ಎಲ್ಲಕ್ಕೂ ಕೊನೆಯದೆಂಬುದು ನಿಮಗೆ ತಿಳಿಯದ ಸಂಗತಿಯಲ್ಲ.

1930ರಲ್ಲಿ ಲಕ್ಷ್ಮೀಬಾಯಿಯವರು ದೈವಾಧೀನರಾದರು. ಭಾವುರಾಯರಿಗೆ ಆಗ ನಲವತ್ತೆರಡು ವರುಷ. ಮುಂದಿನ ಇಪ್ಪತ್ತೊಂಬತ್ತು ವರ್ಷಗಳ ಕಾಲ ಅವರು ವಿದ್ಯಾರ್ಥಿಗಳನ್ನೇ ಸಂಸಾರವೆಂದು ತಿಳಿದು ಬಾಳಿದರು. ಪತ್ನಿಯನ್ನು ಅವರು ಸುಖವಾಗಿ ಇಟ್ಟರೇ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕಾದೀತು. ಮಗ ಅಪ್ಪಾಸಾಹೇಬರಿಗೂ ತಂದೆಯ ಪ್ರೀತಿ ನೂರಾರು ಮಕ್ಕಳೊಡನೆ ಹಂಚಿಯೇ ದೊರಕಿತು. ಮನೆಯವರು ಇದನ್ನು ಭಾರವೆಂದು ಕಳಚಿಕೊಳ್ಳದೆ ಹೊತ್ತುದರಿಂದಲೇ ಭಾವುರಾಯರು ಕರ್ಮವೀರರಾದರು. ಮೊಮ್ಮಗನೂ ಮುಂದೆ ಅದೇ ಸಂಸ್ಥೆಯ ಆಡಳಿತದ ಹೊಣೆಗೆ ಹೆಗಲು ಕೊಟ್ಟರು.

ಪತ್ನಿಯ ಮರಣಾನಂತರದ ಕಾರ್ಯಗಳನ್ನು ಇಲ್ಲಿ ಎಣಿಸಿ ಹೇಳಲು ಸಮಯ ಸಾಲದು. 1935ರಲ್ಲಿ ಅಧ್ಯಾಪಕರ ಶಿಕ್ಷಣಶಾಲೆ, 1940ರಲ್ಲಿ ಸಾತಾರದ ಮಹಾರಾಜ ಸಯಾಜಿರಾವ್ ಪ್ರೌಢಶಾಲೆ, 1947ರಲ್ಲಿ ಶಿವಾಜಿ ಕಾಲೇಜು ಇವು ಮುಖ್ಯವಾದುವು. ದುಡಿದು ಕಲಿಯಬೇಕೆಂಬುದು ಅವರ ನಿಯಮ. ಹುಡುಗರು ಹೊಲದಲ್ಲಿ ಗೇಯ್ದು, ಕಲ್ಲುಮಣ್ಣು ಹೊತ್ತು ತಮ್ಮ ಊಟದ ವೆಚ್ಚ ತಾವೇ ತೆತ್ತರು. ಬಿಳಲು ಬಿಟ್ಟು ಹಬ್ಬುವ ಆಲದ ಮರವನ್ನು ಸಂಸ್ಥೆಯ ಲಾಂಛನವನ್ನಾಗಿ ಆರಿಸಿದರು. ಮೆಟ್ರಿಕ್ ದಾಟದ ಈ ಮನುಷ್ಯನಿಗೆ ಪುಣೆ ವಿಶ್ವವಿದ್ಯಾನಿಲಯವು 1959ರಲ್ಲಿ ಡಿ.ಲಿಟ್. ಪದವಿಯನ್ನಿತ್ತಿತು, ಭಾರತ ಸರಕಾರ ಪದ್ಮಭೂಷಣವನ್ನಿತ್ತಿತು. ಅದೇ ವರ್ಷ ಮೇ 9ರಂದು ಅವರು ಕಾಲವಾದರು.

ಬಡ ವಿದ್ಯಾರ್ಥಿಗಳಿಗೆ ಉನ್ನತ ವಿದ್ಯಾಭ್ಯಾಸಕ್ಕಾಗಿ ಸಾಲ ಒದಗಿಸುವ ಸಹಕಾರಿ ಪತಪೇಢಿಯೊಂದು ಆ ಸಂಸ್ಥೆಯ ಆಶ್ರಯದಲ್ಲಿ ಹುಟ್ಟಿಕೊಂಡಿತು. ಅದರ ಫಲಕದ ಮೇಲೆ ಬರೆದಿರುವುದು ಭಾವುರಾಯರ ಹೆಸರನ್ನಲ್ಲ. ಸೌಭಾಗ್ಯವತಿ ಲಕ್ಷ್ಮೀಬಾಯಿ ಪಾಟೀಲರ ಹೆಸರನ್ನು.